ಲಂಬಾಡ ಹಾಡಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು: ಆ ಟ್ಯೂನ್ ನಿಜವಾಗ್ಲೂ ಯಾರದು?

1989ರಲ್ಲಿ ಕಾವೋಮಾ ಅನ್ನೋ ಬ್ಯಾಂಡ್ ಬಿಟ್ಟ 'ಲಂಬಾಡ' ಹಾಡಿನ ಬಗ್ಗೆ ಮಾತು ಬಂದಾಗೆಲ್ಲಾ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು ಬರುತ್ವೆ, ಪ್ರತಿ ಸಲ ಬಿಡಿಬಿಡಿಯಾಗಿ ಹೇಳೋ ಬದಲು ಎಲ್ಲಾ ಒಂದೇ ಕಡೆ ಬರೆದಿಡ್ತಾ ಇದೀನಿ. ಕೆಲವು ಉತ್ತರ ಉದ್ದ ಆಗಿವೆ, ದಯವಿಟ್ಟು ಪೂರ್ತಿ ಓದಿ, ಯಾಕಂದ್ರೆ ಈ ಹಾಡು ಎಲ್ಲರಿಗೂ ಗೊತ್ತು ಆದ್ರೆ ಇದನ್ನ ಕಟ್ಟಿದವರ ಹೆಸರು ಬಹಳ ಜನಕ್ಕೆ ಗೊತ್ತಿಲ್ಲ, ನಂಗೆ ಅದೇ ಬೇಜಾರು.

ಯಾವ ಹಾಡು ಇದು? ಹೆಸರು ಕೇಳಿದ್ರೆ ನೆನಪಾಗ್ತಿಲ್ಲ.

ಹೆಸರು ಬಿಡಿ, ಟ್ಯೂನ್ ಕೇಳಿದ್ರೆ ತಕ್ಷಣ ಗೊತ್ತಾಗತ್ತೆ. ಒಂದು ಕಾಲದಲ್ಲಿ ನಮ್ಮ ಊರುಗಳಲ್ಲಿ ಕಾರು ರಿವರ್ಸ್ ತಗೊಳ್ವಾಗ ಹಿಂದಿನಿಂದ ಕೀಂ ಕೀಂ ಅಂತ ಒಂದು ಟ್ಯೂನ್ ಬರ್ತಿತ್ತಲ್ಲ, ಎಷ್ಟೋ ಗಾಡಿಗಳಲ್ಲಿ ಅದು ಇದೇ ಹಾಡು. 1990ರ ಹಿಂದಿ ಸಿನಿಮಾ 'ಘಾಯಲ್' ನೋಡಿದವರಿಗೆ 'ಸೋಚ್ನಾ ಕ್ಯಾ' ಹಾಡಿನಲ್ಲಿ ಕೇಳಿರತ್ತೆ. ಇನ್ನೂ ಚಿಕ್ಕವರಾದ್ರೆ 2011ರಲ್ಲಿ ಜೆನಿಫರ್ ಲೋಪೆಜ್ ಹಾಡಿದ 'ಆನ್ ದ ಫ್ಲೋರ್' ನೆನಪು ಮಾಡ್ಕೊಳ್ಳಿ, ಅದರಲ್ಲಿ ಮಧ್ಯ ಮಧ್ಯ ಅಕಾರ್ಡಿಯನ್ (ಕೈಯಲ್ಲಿ ಹಿಡ್ಕೊಂಡು ತಿದಿ ಎಳೀತಾ ನುಡಿಸೋ ಹಾರ್ಮೋನಿಯಂ ಥರದ ವಾದ್ಯ) ಥರ ಎಳೀತಾ ಬರೋ ರಾಗ ಇದೆಯಲ್ಲ, ಅದೇ.

ಬ್ರೆಜಿಲ್ ಹಾಡು ತಾನೇ?

ಎಲ್ಲರೂ ಹಂಗೇ ಅನ್ಕೊಂಡಿರೋದು, ಅನ್ಕೊಳ್ಳೋಕೆ ಕಾರಣಾನೂ ಇದೆ. ಸಾಹಿತ್ಯ ಪೋರ್ಚುಗೀಸ್ ಭಾಷೇದು, ಹಾಡಿದವರು ರಿಯೊ ಡಿ ಜನೈರೋದಲ್ಲಿ ಹುಟ್ಟಿದ ಲೋಅಲ್ವಾ ಬ್ರಾಜ್, ವಿಡಿಯೋ ಶೂಟ್ ಮಾಡಿದ್ದು ಬ್ರೆಜಿಲ್‌ನ ಬಹಿಯಾ ರಾಜ್ಯದ ಟ್ರಾಂಕೋಸೊ ಬೀಚ್‌ನಲ್ಲಿ. ಆದ್ರೆ ಬ್ಯಾಂಡ್ ಕಟ್ಟಿದ್ದು ಪ್ಯಾರಿಸ್‌ನಲ್ಲಿ, ದುಡ್ಡು ಹಾಕಿದವರು ಫ್ರೆಂಚರು, ಬ್ಯಾಂಡ್‌ನಲ್ಲಿದ್ದವರು ಮಾರ್ಟಿನಿಕ್, ಗ್ವಾಡೆಲೂಪ್, ಸೆನೆಗಲ್ ಹೀಗೆ ಒಬ್ಬೊಬ್ರು ಒಂದೊಂದು ಕಡೆಯವರು, ಅದರಲ್ಲಿ ಸುಮಾರು ಜನ ಮುಂಚೆ ಟೂರೇ ಕುಂಡಾ ಅನ್ನೋ ಸೆನೆಗಲ್ ಬ್ಯಾಂಡ್ ಜೊತೆ ನುಡಿಸ್ತಾ ಇದ್ದವರು. ರಾಗ ಮಾತ್ರ ಇವರು ಯಾರದ್ದೂ ಅಲ್ಲ. ಅದು ಬೊಲಿವಿಯಾದ್ದು.

ಹಂಗಾದ್ರೆ ಮೂಲ ಹಾಡು ಯಾರದು?

ಬೊಲಿವಿಯಾದಲ್ಲಿ ಕೊಚಬಾಂಬಾ ಅಂತ ಒಂದು ಪ್ರಾಂತ್ಯ, ಅಲ್ಲಿನ ಕಾಪಿನೋಟಾ ಅನ್ನೋ ಸಣ್ಣ ಊರಿನ ಎರ್ಮೋಸಾ ಮನೆತನದ ಅಣ್ಣತಮ್ಮಂದಿರು ಕಟ್ಟಿದ ತಂಡ ಲೋಸ್ ಕಾರ್ಕಾಸ್. ಆಂಡಿಸ್ ಬೆಟ್ಟಗಳ ಕಡೆಯ ಜಾನಪದ ವಾದ್ಯಗಳನ್ನೇ ಇಟ್ಕೊಂಡು ಹೊಸ ಹಾಡು ಕಟ್ಟೋದು ಇವರ ಕೆಲ್ಸ. ಚರಾಂಗೊ ಅಂತ ಹತ್ತು ತಂತಿಯ ಪುಟ್ಟ ವಾದ್ಯ, ಬಿದಿರಿನ ಥರದ ಕೊಳವೆಗಳನ್ನ ಸಾಲಾಗಿ ಜೋಡಿಸಿ ಕಟ್ಟಿ ಊದೋ ಸಂಪೋನ್ಯಾ, ಕೇನಾ ಅನ್ನೋ ಕೊಳಲು, ಬೊಂಬೊ ಅನ್ನೋ ದೊಡ್ಡ ಡೋಲು. ಗೊನ್ಜಾಲೊ ಎರ್ಮೋಸಾ ಮತ್ತೆ ಅವರ ತಮ್ಮ ಉಲಿಸೆಸ್ ಎರ್ಮೋಸಾ ಇಬ್ರೂ ಸೇರಿ ಬರೆದ ಹಾಡು 'ಯೊರಾಂದೊ ಸೆ ಫುಎ', 1981ರ ಅವರ ಆಲ್ಬಮ್‌ನಲ್ಲಿ ಬಂತು.

ನೀವು ಕಾವೋಮಾ ಹಾಡು ಮಾತ್ರ ಕೇಳಿದ್ರೆ ಇದನ್ನ ಒಂದ್ಸಲ ಹಾಕಿ ನೋಡಿ. ಅಕಾರ್ಡಿಯನ್ ಜಾಗದಲ್ಲಿ ಸಂಪೋನ್ಯಾ, ಉಸಿರು ಕೇಳ್ಸೋ ಅಷ್ಟು ಹತ್ರದಿಂದ ಊದಿರೋದು. ಡ್ರಮ್ ಮಷೀನ್ ಇಲ್ಲ, ಡೋಲಿನ ಪೆಟ್ಟು. ರಾಗ ನೋಟ್‌ಗೆ ನೋಟ್ ಅದೇ ಆದ್ರೆ ಮನಸ್ಸು ಹಿಡಿಯೋ ರೀತಿ ಬೇರೆ, ಪಾರ್ಟಿ ಹಾಡು ಅಂತ ಇಷ್ಟು ವರ್ಷ ಅಂದುಕೊಂಡಿದ್ದು ಇಷ್ಟು ದುಃಖದ ಹಾಡಾ ಅನ್ಸತ್ತೆ.

ಹಾಡಿನ ಅರ್ಥ ಏನು?

ಬಿಟ್ಟು ಹೋದವಳ ಹಾಡು. ಕಾರ್ಕಾಸ್ ಹಾಡಿನಲ್ಲಿ ಅವಳು ಅಳ್ತಾ ಹೋದಳು, ನನ್ನ ಒಂಟಿ ಮಾಡಿ ಹೋದಳು, ಈಗ ಅವಳೂ ಎಲ್ಲೋ ಒಬ್ಬಳೇ ಕೂತು ಈ ಪ್ರೀತೀನೇ ನೆನೀತಿರ್ತಾಳೆ ಅಂತ ಬರತ್ತೆ. ಪೋರ್ಚುಗೀಸ್‌ಗೆ ಬಂದಾಗ ಸ್ವಲ್ಪ ಸೇಡು ಸೇರ್ಕೊಳ್ತು, ನನ್ನನ್ನ ಅಳಿಸಿದ್ದವರು ಈಗ ತಾವೇ ಅಳ್ತಾ ಹೋದ್ರು ಅಂತ.

ಬೊಲಿವಿಯಾದಲ್ಲಿದ್ದ ಹಾಡು ಪ್ಯಾರಿಸ್‌ಗೆ ಹೆಂಗೆ ಹೋಯ್ತು?

ಇದೇ ಈ ಕಥೆಯ ಮುಖ್ಯ ಭಾಗ. ಒಂದೇ ಹಾರಿಕೆಗೆ ಹೋಗಿಲ್ಲ, ಮೂರ್ನಾಲ್ಕು ಕೈ ದಾಟಿದೆ, ಪ್ರತಿ ಕೈಯಲ್ಲೂ ಏನೋ ಒಂದು ಸೇರಿದೆ.

ಮೊದಲು ಪೆರು. 1984ರಲ್ಲಿ ಅಲ್ಲಿನ ಕ್ವಾರ್ತೆತೊ ಕಾಂಟಿನೆಂಟಲ್ ಅನ್ನೋ ಕುಂಬಿಯಾ (ಲ್ಯಾಟಿನ್ ಅಮೆರಿಕಾ ಕಡೆಯ ಒಂದು ಕುಣಿತದ ಸಂಗೀತ) ತಂಡ ಈ ಹಾಡನ್ನ ಎತ್ಕೊಂಡು ಕುಣಿಯೋ ಹಾಗೆ ಸ್ಪೀಡ್ ಮಾಡ್ತು, ಸಂಪೋನ್ಯಾ ಊದ್ತಿದ್ದ ಸಾಲನ್ನ ಅಕಾರ್ಡಿಯನ್‌ಗೆ ಹಾಕ್ತು. ನಮಗೆಲ್ಲಾ ಲಂಬಾಡ ಅಂದ ತಕ್ಷಣ ತಲೇಲಿ ಕೇಳ್ಸೋ ಆ ಅಕಾರ್ಡಿಯನ್ ಇದೆಯಲ್ಲ, ಅದು ಈ ಪೆರುವಿನವರ ಐಡಿಯಾ. ಇದನ್ನ ಯಾರೂ ಹೇಳೋದೇ ಇಲ್ಲ.

ಆಮೇಲೆ ಬ್ರೆಜಿಲ್. 1986ರಲ್ಲಿ ಮಾರ್ಸಿಯಾ ಫೆರೇರಾ ಅನ್ನೋ ಗಾಯಕಿ ಪೋರ್ಚುಗೀಸ್ ಸಾಹಿತ್ಯ ಹಾಕಿ 'ಶೊರಾಂದೊ ಸೆ ಫೊಯ್' ಅಂತ ರೆಕಾರ್ಡ್ ಮಾಡಿದ್ರು. ಅದು ಬಹಿಯಾ ಕರಾವಳಿ ತನಕ ಹೋಯ್ತು, ಅಲ್ಲಿ ಪೋರ್ಟೊ ಸೆಗುರೊ ಅಂತ ಪ್ರವಾಸಿ ಊರು, ಬೀಚ್ ಪಕ್ಕದ ಬಾರ್‌ಗಳಲ್ಲಿ ರಾತ್ರಿಯಿಡೀ ಜೋಡಿಗಳು ಅಂಟ್ಕೊಂಡು ಸೊಂಟ ತಿರುಗಿಸ್ತಾ ಕುಣೀತಿದ್ರು.

1988ರಲ್ಲಿ ಅಲ್ಲಿಗೆ ರಜೆಗೆ ಬಂದ ಫ್ರೆಂಚ್ ನಿರ್ಮಾಪಕ ಒಲಿವಿಯೆ ಲೋರ್ಸಾಕ್ ಆ ಕುಣಿತ ನೋಡಿ, ಇದನ್ನ ಯುರೋಪ್‌ಗೆ ತಗೊಂಡು ಹೋದ್ರೆ ಏನಾಗಬಹುದು ಅಂತ ಲೆಕ್ಕ ಹಾಕಿದ್ರು. ಅವರ ಜೊತೆಗಾರ ಜಾನ್ ಕಾರಕೋಸ್, ಸೆಲ್ಯುಲಾಯ್ಡ್ ಅನ್ನೋ ರೆಕಾರ್ಡ್ ಕಂಪನಿ ನಡೆಸ್ತಿದ್ದ ಹಳೇ ಪಳಗಿದ ಮನುಷ್ಯ. ಇಬ್ರೂ ಸೇರಿ ಬ್ರೆಜಿಲ್‌ನಲ್ಲಿ 400ಕ್ಕೂ ಹೆಚ್ಚು ಲಂಬಾಡ ಹಾಡುಗಳ ಹಕ್ಕು ಕೊಂಡ್ಕೊಂಡ್ರು, ಪ್ಯಾರಿಸ್‌ಗೆ ಬಂದು ಕಾವೋಮಾ ಬ್ಯಾಂಡ್ ಕಟ್ಟಿದ್ರು, 1989ರ ಬೇಸಿಗೆಗೆ ಹಾಡು ರೆಡಿ. ಅಂದ್ರೆ ರಾಗ ಬೊಲಿವಿಯಾದ್ದು, ಅಕಾರ್ಡಿಯನ್ ಜೋಡಣೆ ಪೆರುವಿನದ್ದು, ಸಾಹಿತ್ಯ ಮಾರ್ಸಿಯಾ ಫೆರೇರಾ ಅವರದ್ದು, ಮೇಲೆ ಕೆರಿಬಿಯನ್ ಬೀಟು, ಪ್ಯಾರಿಸ್ ಸ್ಟುಡಿಯೋ ಸೌಂಡು.

ಲಂಬಾಡ ಅನ್ನೋದು ಹಾಡಿನ ಹೆಸರಾ, ಡ್ಯಾನ್ಸ್ ಹೆಸರಾ?

ಎರಡೂ ಹೌದು, ಮತ್ತೆ ಅದೊಂದು ಸಂಗೀತದ ಪ್ರಕಾರ ಕೂಡ. ಬ್ರೆಜಿಲ್‌ನ ಉತ್ತರದಲ್ಲಿ ಅಮೆಜಾನ್ ನದಿ ಸಮುದ್ರ ಸೇರೋ ಕಡೆ ಪಾರಾ ರಾಜ್ಯ, ಬೆಲೆಮ್ ಅದರ ರಾಜಧಾನಿ. ಅಲ್ಲಿನ ಹಳೇ ಕರಿಂಬೊ ಕುಣಿತಕ್ಕೆ ಕೆರಿಬಿಯನ್ ಕಡೆಯ ರೇಡಿಯೋದಿಂದ ಬರ್ತಿದ್ದ ಮೆರೆಂಗೆ, ಕುಂಬಿಯಾ ಎಲ್ಲಾ ಬೆರೆತು 1970ರ ದಶಕದಲ್ಲಿ ಈ ಪ್ರಕಾರ ಹುಟ್ಕೊಳ್ತು. ಪಿಂಡುಕಾ ಅನ್ನೋ ಗಾಯಕ 1976ರಲ್ಲೇ ಲಂಬಾಡ ಅನ್ನೋ ಹೆಸರಿಟ್ಟು ಹಾಡು ಮಾಡಿದ್ರು, ಗಿಟಾರ್ ಮಾಂತ್ರಿಕ ಮೆಸ್ತ್ರೆ ವಿಯೇರಾ 1978ರಲ್ಲಿ ಒಂದು ಆಲ್ಬಮ್ಮೇ ತಂದ್ರು, ಅದನ್ನ ಕೇಳಿದ್ರೆ ಗಿಟಾರ್ ಹೆಂಗೆ ನಗ್ತಾ ಓಡತ್ತೆ ಅಂತ ಗೊತ್ತಾಗತ್ತೆ. ಪ್ರಪಂಚಕ್ಕೆ ಲಂಬಾಡ ಅಂದ್ರೆ ಕಾವೋಮಾದ ಒಂದೇ ಒಂದು ಹಾಡು, ಬೆಲೆಮ್ ಜನಕ್ಕೆ ಅದು ಹತ್ತಾರು ವರ್ಷದ ಅವರ ಊರಿನ ಸಂಗೀತ. ಈ ಹಾಡಿನ ಭರಾಟೆಲಿ ಬೊಲಿವಿಯಾದವರ ಜೊತೆ ಬೆಲೆಮ್‌ನವರೂ ಮೂಲೆಗೆ ಹೋದ್ರು.

ನಮ್ಮ ಲಂಬಾಣಿ ಜನಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ?

ಇಲ್ಲ. ಹೆಸರು ಕಿವಿಗೆ ಒಂದೇ ಥರ ಕೇಳ್ಸತ್ತೆ ಅಷ್ಟೇ.

ಒಂದು ಪೋರ್ಚುಗೀಸ್ ಹಾಡು ಭಾಷೆ ಬರದವರ ಮಧ್ಯೆ ಇಷ್ಟೊಂದು ಹಿಟ್ ಆಗಿದ್ದು ಯಾಕೆ?

ಎರಡು ಕಾರಣ ಬೇರೆ ಬೇರೆ ಮಾಡಿ ನೋಡ್ಬೇಕು, ಒಂದು ವ್ಯಾಪಾರ, ಇನ್ನೊಂದು ಹಾಡು.

ವ್ಯಾಪಾರದ ಕಡೆ ಏನಂದ್ರೆ ಫ್ರಾನ್ಸ್‌ನಲ್ಲಿ ಪ್ರತಿ ಬೇಸಿಗೆಗೆ ಒಂದು ಹಾಡು ದೇಶ ಪೂರ್ತಿ ಮೊಳಗೋ ಪದ್ಧತಿ ಇದೆ, ಜುಲೈ ಆಗಸ್ಟ್‌ನಲ್ಲಿ ಎಲ್ಲರೂ ರಜೆ ಮೇಲೆ ಸಮುದ್ರದ ಕಡೆ ಹೋಗಿರ್ತಾರೆ, ಆಗ ಯಾವ ಹಾಡು ಹಿಡಿಯುತ್ತೋ ಅದು ಆ ವರ್ಷದ ಹಾಡು. ಟಿಎಫ್1 ಅನ್ನೋ ಅಲ್ಲಿನ ದೊಡ್ಡ ಟಿವಿ ಚಾನೆಲ್ ಈ ಹಾಡಿನ ಹಿಂದೆ ನಿಂತ್ಕೊಳ್ತು, ಒರಾಂಜಿನಾ ಅನ್ನೋ ಕೂಲ್‌ಡ್ರಿಂಕ್ ಕಂಪನಿ ಸ್ಪಾನ್ಸರ್ ಮಾಡ್ತು, ರೆಕಾರ್ಡ್ ಕಂಪನಿ ಸಿಬಿಎಸ್. ಟಿವಿ ಹಾಕಿದ್ರೆ ದಿನಕ್ಕೆ ಎಷ್ಟೋ ಸಲ ಇದೇ ಹಾಡು. ಇಷ್ಟು ತಳ್ಳಿದ್ರೆ ಫ್ರಾನ್ಸ್‌ನಲ್ಲಿ ಹಿಟ್ ಆಗೋದೇನೂ ದೊಡ್ಡ ಆಶ್ಚರ್ಯ ಅಲ್ಲ.

ಆಶ್ಚರ್ಯ ಇರೋದು ಅದಾದ ಮೇಲೆ. ಟಿಎಫ್1 ಬರದ ದೇಶಗಳಲ್ಲೂ, ಒರಾಂಜಿನಾ ಕುಡಿಯದ ಊರುಗಳಲ್ಲೂ ಇದು ಹಿಡೀತು, ಯುರೋಪ್ ಪೂರ್ತಿ ಹಬ್ಬಿ ಅಲ್ಲಿಂದ ಜಪಾನ್‌ವರೆಗೂ, ನಮ್ಮ ದೇಶದವರೆಗೂ ಬಂತು. ಅದಕ್ಕೆ ದುಡ್ಡು ಕಾರಣ ಅಲ್ಲ, ರಾಗವೇ ಕಾರಣ ಅಂತ ನನ್ನ ನಂಬಿಕೆ. ಈ ರಾಗ ಮೇಲಿಂದ ಕೆಳಗೆ ಮೆಟ್ಟಿಲು ಇಳಿಯೋ ಥರ ನಿಧಾನವಾಗಿ ಇಳೀತಾ ಬರತ್ತೆ, ಪ್ರತಿ ಸಾಲೂ ಇಳೀತಾನೇ ಮುಗಿಯತ್ತೆ, ಕೇಳಿದ ತಕ್ಷಣ ಗುನುಗಬಹುದು, ಒಂದು ಪದ ಗೊತ್ತಿಲ್ದಿದ್ರೂ ಇದು ಯಾರನ್ನೋ ಕಳ್ಕೊಂಡವರ ಹಾಡು ಅಂತ ಕಿವಿಗೆ ತಿಳಿಯತ್ತೆ. ಅದರ ಕೆಳಗೆ ಬೀಟು ಮಾತ್ರ ಕೂರೋಕೆ ಬಿಡಲ್ಲ. ಮೇಲೆ ಅಳು ಕೆಳಗೆ ಕುಣಿತ, ಈ ಎರಡೂ ಒಟ್ಟಿಗೆ ಬಂದಿದ್ದೇ ಇದರ ಶಕ್ತಿ, ಮತ್ತೆ ಆ ಅಳು ಬಂದಿದ್ದು ಸೀದಾ ಆಂಡಿಸ್‌ನಿಂದ, ಪ್ಯಾರಿಸ್‌ನಲ್ಲಿ ಯಾರೂ ಅದನ್ನ ಸೇರಿಸ್ಲಿಲ್ಲ.

ವಿಡಿಯೋದ ಪಾಲೂ ಇದೆ. ಚಿಕೊ ಮತ್ತೆ ರೊಬರ್ಟಾ ಅನ್ನೋ ಇಬ್ರು ಮಕ್ಕಳು, ಕಪ್ಪು ಹುಡುಗ, ಹೊಂಬಣ್ಣದ ಕೂದಲಿನ ಹುಡುಗಿ, ಬೀಚ್‌ನಲ್ಲಿ ಜೋಡಿಯಾಗಿ ಕುಣೀತಾರೆ, ದೊಡ್ಡವರು ಬಂದು ಬಿಡಿಸ್ತಾರೆ. ಎರಡು ನಿಮಿಷದಲ್ಲಿ ಯಾವ ಭಾಷೆಯವರಿಗಾದ್ರೂ ಅರ್ಥ ಆಗೋ ಕಥೆ. ಆ ಇಬ್ರು ಆಮೇಲೆ ಬೇರೆ ರೆಕಾರ್ಡ್ ಕೂಡ ಮಾಡಿದ್ರು.

ಎಷ್ಟು ದೊಡ್ಡ ಹಿಟ್ ಅದು? ಅಂಕಿ ಸಂಖ್ಯೆ ಹೇಳಿ.

ಫ್ರಾನ್ಸ್‌ನಲ್ಲಿ 12 ವಾರ ಒಂದನೇ ಸ್ಥಾನ. ಜರ್ಮನಿ, ಸ್ವಿಟ್ಜರ್ಲೆಂಡ್‌ನಲ್ಲೂ ನಂಬರ್ ಒನ್. ಬ್ರಿಟನ್‌ನಲ್ಲಿ 4ನೇ ಸ್ಥಾನದವರೆಗೆ ಹೋಯ್ತು, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಹಾಡು ಅಲ್ಲಿ ಅಷ್ಟು ಮೇಲೆ ಹೋಗೋದು ಅಪರೂಪ. ಅಮೆರಿಕಾದಲ್ಲಿ ಮಾತ್ರ 46ಕ್ಕೆ ನಿಂತು ಹೋಯ್ತು. ಒಟ್ಟು ಮಾರಾಟ 50 ಲಕ್ಷ ಕಾಪಿ ಲೆಕ್ಕ ಹೇಳ್ತಾರೆ, ಅದು ಅಸಲಿ ಮಾಲಿನ ಲೆಕ್ಕ, ನಮ್ಮ ಕಡೆ ಓಡಾಡಿದ ನಕಲಿ ಕ್ಯಾಸೆಟ್‌ಗಳು ಅದರಲ್ಲಿ ಬರಲ್ಲ.

ರೆಕಾರ್ಡ್ ಮೇಲೆ ಬರೆದವರ ಹೆಸರು ಚಿಕೊ ಡಿ ಒಲಿವೇರಾ ಅಂತ ಇದೆ, ಅದು ಯಾರು?

ಒಳ್ಳೇ ಪ್ರಶ್ನೆ, ನಿಮ್ಮ ಹತ್ರ ಹಳೇ ರೆಕಾರ್ಡ್ ಇದ್ರೆ ಜೋಪಾನ ಮಾಡಿಡಿ. ಆ ಹೆಸರಿನ ಸಂಗೀತಗಾರ ಯಾರೂ ಇಲ್ಲ, ಅದು ಲೋರ್ಸಾಕ್ ಅವರೇ ಇಟ್ಕೊಂಡ ಸುಳ್ಳು ಹೆಸರು. ಬ್ರೆಜಿಲ್‌ನವನ ಥರ ಕೇಳ್ಸೋ ಹೆಸರು ಹಾಕಿ ಹಾಡಿನ ಹಕ್ಕು ತಮ್ಮ ಕಡೆಗೆ ಬರೋ ಹಾಗೆ ಮಾಡ್ಕೊಂಡಿದ್ರು. ಎರ್ಮೋಸಾ ಅಣ್ಣತಮ್ಮಂದಿರ ಹೆಸರೂ ಇಲ್ಲ, ಮಾರ್ಸಿಯಾ ಫೆರೇರಾ ಹೆಸರೂ ಇಲ್ಲ. ಎಂಟು ವರ್ಷ ಹಿಂದೆನೇ ಆಲ್ಬಮ್‌ನಲ್ಲಿ ಬಂದು ಬೊಲಿವಿಯಾ, ಪೆರು ಎಲ್ಲಾ ಕಡೆ ಜನ ಹಾಡ್ಕೊಂಡಿದ್ದ ಹಾಡು ಇದು, ಹಳೇ ಅನಾಮಿಕ ಜಾನಪದ ಅಂತ ಅಂದುಕೊಳ್ಳೋಕೂ ಸಾಧ್ಯ ಇರ್ಲಿಲ್ಲ. ಪ್ರಪಂಚ ಪೂರ್ತಿ ಒಂದು ಹಾಡಿಗೆ ಕುಣೀತಿರ್ಬೇಕಾದ್ರೆ ಅದನ್ನ ಬರೆದವರು ತಮ್ಮ ಊರಲ್ಲಿ ಕೂತು ರೇಡಿಯೋದಲ್ಲಿ ತಮ್ಮದೇ ರಾಗ ಬೇರೆಯವರ ಹೆಸರಲ್ಲಿ ಕೇಳ್ಬೇಕು ಅಂದ್ರೆ ಹೆಂಗಿರತ್ತೆ ಯೋಚ್ನೆ ಮಾಡಿ.

ಕೇಸ್ ಏನಾಯ್ತು?

ಕಾರ್ಕಾಸ್‌ನವರು ಕೇಸ್ ಹಾಕಿದ್ರು, ಗೆದ್ರು. ಪರಿಹಾರ ಸಿಕ್ತು, ಕರ್ತೃಗಳು ಗೊನ್ಜಾಲೊ ಮತ್ತೆ ಉಲಿಸೆಸ್ ಎರ್ಮೋಸಾ ಅಂತ ಒಪ್ಕೊಳ್ಳಬೇಕಾಯ್ತು. ಇದು ಸಣ್ಣ ವಿಷ್ಯ ಅಲ್ಲ, ಆಗಿನ ಕಾಲದಲ್ಲಿ ಬಡ ದೇಶದ ಜಾನಪದ ತಂಡ ಒಂದು ಯುರೋಪ್‌ನ ನಿರ್ಮಾಪಕರ ವಿರುದ್ಧ ಹೋರಾಡಿ ತನ್ನ ಹಾಡು ವಾಪಸ್ ತಗೊಂಡಿದ್ದು ಬಹಳ ಕಮ್ಮಿ. ಉಲಿಸೆಸ್ ಮಾತ್ರ ಇದಾದ ಮೇಲೆ ಹೆಚ್ಚು ದಿನ ಇರ್ಲಿಲ್ಲ, 1992ರಲ್ಲಿ ತೀರ್ಕೊಂಡ್ರು.

ಆದ್ರೆ ಕೋರ್ಟು ಕಾಗದದಲ್ಲಿ ಆದ ನ್ಯಾಯ ಜನರ ನೆನಪಿನ ತನಕ ಬರಲ್ಲ. ಹಾಡು ಮಾರಾಟ ಆಗಿದ್ದು 1989ರಲ್ಲಿ, ಹೆಸರು ಸರಿ ಆಗಿದ್ದು ಅದು ತಣ್ಣಗಾದ ಮೇಲೆ. ಅಷ್ಟೊತ್ತಿಗೆ ಎಲ್ಲರ ತಲೇಲಿ ಲಂಬಾಡ ಅಂದ್ರೆ ಬ್ರೆಜಿಲ್ ಅಂತ ಕೂತಾಗಿತ್ತು.

ಹಾಡಿದ ಲೋಅಲ್ವಾ ಬ್ರಾಜ್ ಅವರದ್ದೂ ತಪ್ಪು ಇತ್ತಾ?

ಇಲ್ಲ, ಅವರನ್ನ ಇದಕ್ಕೆ ಎಳೀಬೇಡಿ. ಹಕ್ಕು, ಕ್ರೆಡಿಟ್ ಎಲ್ಲಾ ನಿರ್ಮಾಪಕರ ಕೈಲಿದ್ದ ವ್ಯವಹಾರ. ಲೋಅಲ್ವಾ 1980ರ ದಶಕದಲ್ಲಿ ಪ್ಯಾರಿಸ್‌ಗೆ ಬಂದು ಹಾಡ್ಕೊಂಡಿದ್ದ ಪಳಗಿದ ಗಾಯಕಿ, ಆ ಹಾಡಿಗೆ ಅವರ ದನಿ ಎಷ್ಟು ಮುಖ್ಯ ಅಂತ ಬೇರೆಯವರು ಹಾಡಿದ್ದು ಕೇಳಿದ್ರೆ ಗೊತ್ತಾಗತ್ತೆ, ಎದೆ ತುಂಬಿದ ದನಿ ಆದ್ರೆ ಅಳ್ಕೊಂಡು ಹಾಡಲ್ಲ. ಅವರ ಕೊನೆ ಮಾತ್ರ ಬಹಳ ಕೆಟ್ಟದಾಗಾಯ್ತು. ಬ್ರೆಜಿಲ್‌ಗೆ ವಾಪಸ್ ಹೋಗಿ ರಿಯೊ ರಾಜ್ಯದ ಸಕ್ವರೇಮಾ ಅನ್ನೋ ಕರಾವಳಿ ಊರಲ್ಲಿ ಸಣ್ಣ ಗೆಸ್ಟ್‌ಹೌಸ್ ನಡೆಸ್ತಿದ್ರು, 2017ರ ಜನವರಿ 19ರಂದು ದರೋಡೆಕೋರರು ಅವರನ್ನ ಕೊಂದ್ರು, ಸುಟ್ಟ ಕಾರಿನಲ್ಲಿ ಶವ ಸಿಕ್ತು. 63 ವಯಸ್ಸು. ಸುದ್ದಿ ಓದಿದ ದಿನ ಆ ಹಾಡು ಹಾಕೋಕೆ ನಂಗೆ ಮನಸ್ಸಾಗಲಿಲ್ಲ.

ಬ್ರೆಜಿಲ್ ಸರ್ಕಾರ ಈ ಡ್ಯಾನ್ಸ್ ಬ್ಯಾನ್ ಮಾಡಿತ್ತಂತೆ, ನಿಜಾನಾ?

ಸುಳ್ಳು, ಪ್ರಚಾರಕ್ಕೆ ಹುಟ್ಟಿಸಿದ ಕಥೆ. 1930ರ ದಶಕದಲ್ಲಿ ಬ್ಯಾನ್ ಆಗಿತ್ತು ಅಂತ ಹೇಳ್ತಾರೆ, ಆದ್ರೆ ಈ ಸಂಗೀತ ಹುಟ್ಟಿದ್ದೇ 1970ರ ದಶಕದಲ್ಲಿ, ಇನ್ನು ಇಲ್ಲದ್ದನ್ನ ಬ್ಯಾನ್ ಮಾಡೋದು ಹೆಂಗೆ. ಈ ಕಥೆ ಹಬ್ಬಿದ್ದಕ್ಕೆ ಹಾಲಿವುಡ್ ದೊಡ್ಡ ಕಾರಣ. ಹಾಡಿನ ಬಿಸಿ ಆರೋಕೆ ಮುಂಚೆ ಸಿನಿಮಾ ಬಿಡ್ಬೇಕು ಅಂತ ಇಬ್ರು ಪೈಪೋಟಿಗೆ ಬಿದ್ರು, ಮೊದಲು ಒಂದೇ ಕಂಪನಿ ನಡೆಸಿ ಆಮೇಲೆ ಬೇರೆ ಆಗಿದ್ದ ಮೆನಾಹೆಮ್ ಗೋಲಾನ್ ಮತ್ತೆ ಯೋರಾಮ್ ಗ್ಲೋಬಸ್. ಎರಡು ಸಿನಿಮಾನೂ 1990ರ ಮಾರ್ಚ್ 16ಕ್ಕೆ, ಒಂದೇ ದಿನ ಬಿಡುಗಡೆ ಆದ್ವು. ಒಂದರ ಹೆಸರು 'ಲಂಬಾಡ', ಇನ್ನೊಂದು 'ದ ಫರ್ಬಿಡನ್ ಡ್ಯಾನ್ಸ್', ಅಂದ್ರೆ ಆ ನಿಷೇಧದ ಕಥೆಯನ್ನೇ ಹೆಸರಾಗಿ ಇಟ್ಕೊಂಡಿದ್ದು. ಎರಡೂ ಹೆಚ್ಚು ದಿನ ಓಡ್ಲಿಲ್ಲ.

ಕಾರ್ಕಾಸ್‌ನವರೇ ಇದನ್ನ ಕಪ್ಪು ಜನರಿಂದ ತಗೊಂಡಿದ್ದು ಅಂತಾರಲ್ಲ?

ಹಾಡನ್ನಲ್ಲ. ಅವರು ಬಳಸಿದ ಒಂದು ಹೆಸರಿನ ಬಗ್ಗೆ ಇರೋ ತಕರಾರು ಇದು, ಮತ್ತೆ ಆ ತಕರಾರು ನ್ಯಾಯವಾದದ್ದು. ಕಾರ್ಕಾಸ್ ಈ ಹಾಡಿನ ತಾಳವನ್ನ 'ಸಾಯಾ' ಅಂತ ಕರೆದ್ರು. ಸಾಯಾ ಅನ್ನೋದು ಬೊಲಿವಿಯಾದ ಯುಂಗಾಸ್ ಕಣಿವೆಗಳಲ್ಲಿ ಇರೋ ಆಫ್ರೋ ಬೊಲಿವಿಯನ್ ಜನರ ಸಂಗೀತ, ಅವರ ಹಿಂದಿನವರು ಸ್ಪೇನ್ ಆಳ್ವಿಕೆ ಕಾಲದಲ್ಲಿ ಗುಲಾಮರಾಗಿ ಬಂದವರು. ಅವರ ಸಾಯಾ ಅಂದ್ರೆ ಡೋಲುಗಳು, ಒಬ್ರು ಸಾಲು ಎತ್ತಿದ್ರೆ ಉಳಿದವರು ಸೇರಿ ಹಾಡೋದು. ಕಾರ್ಕಾಸ್ ನುಡಿಸಿದ್ದು ಅದಲ್ಲ, ಲಾ ಪಾಜ್ ನಗರದಲ್ಲಿ ಆಮೇಲೆ ಹುಟ್ಟಿದ ಕಪೊರಾಲೆಸ್ ಕುಣಿತದ ತಾಳಕ್ಕೆ ಹತ್ತಿರದ್ದು. ನಮ್ಮ ಸಂಗೀತದ ಹೆಸರನ್ನ ಬೇರೆ ಯಾವುದಕ್ಕೋ ಅಂಟಿಸಿ ಪ್ರಸಿದ್ಧ ಮಾಡಿದ್ರೆ ನಮ್ಮದು ಏನು ಅಂತಾನೇ ಜನ ಮರೀತಾರೆ ಅಂತ ಆ ಸಮುದಾಯದವರು ಎಷ್ಟೋ ವರ್ಷದಿಂದ ಹೇಳ್ತಾ ಬಂದಿದಾರೆ.

ಇದನ್ನ ಹಿಡ್ಕೊಂಡು, ನೋಡಿ ಎಲ್ಲರೂ ಕದಿಯೋರೇ, ಫ್ರೆಂಚರು ಮಾಡಿದ್ರಲ್ಲಿ ಏನು ತಪ್ಪು ಅಂತ ವಾದ ಮಾಡೋರಿದಾರೆ. ಅದು ಸರಿಯಾದ ಮಾತಲ್ಲ. ಎರ್ಮೋಸಾ ಅಣ್ಣತಮ್ಮಂದಿರು ರಾಗ ಮತ್ತೆ ಸಾಹಿತ್ಯ ತಾವೇ ಬರೆದಿದ್ರು, ಲೋರ್ಸಾಕ್ ಬರೆದಿರ್ಲಿಲ್ಲ. ಯುಂಗಾಸ್ ಜನರ ಮಾತನ್ನೂ ಕೇಳೋಣ, ಎರ್ಮೋಸಾ ಅವರ ಹೆಸರನ್ನೂ ಹೇಳೋಣ, ಒಂದಕ್ಕೊಂದು ಅಡ್ಡ ಬರಲ್ಲ.

'ಘಾಯಲ್' ಸಿನಿಮಾದಲ್ಲಿ, ಜೆನಿಫರ್ ಲೋಪೆಜ್ ಹಾಡಿನಲ್ಲಿ ಇವರಿಗೆ ಕ್ರೆಡಿಟ್ ಕೊಟ್ಟಿದಾರಾ?

'ಆನ್ ದ ಫ್ಲೋರ್'ನಲ್ಲಿ ಕೊಟ್ಟಿದಾರೆ, ಬರೆದವರ ಪಟ್ಟಿಲಿ ಗೊನ್ಜಾಲೊ ಎರ್ಮೋಸಾ, ಉಲಿಸೆಸ್ ಎರ್ಮೋಸಾ ಇಬ್ರ ಹೆಸರೂ ಇದೆ. ಆ ಹಾಡು ಅಮೆರಿಕಾದಲ್ಲಿ 3ನೇ ಸ್ಥಾನಕ್ಕೆ ಹೋಯ್ತು, ಅಂದ್ರೆ ಕಾವೋಮಾ 46ಕ್ಕೆ ನಿಂತ ದೇಶದಲ್ಲಿ ಈ ರಾಗ 22 ವರ್ಷ ಆದ್ಮೇಲೆ ಮೇಲೆ ಹತ್ತಿತು, ಈ ಸಲ ಬರೆದವರ ಹೆಸರು ಜೊತೆಗೇ ಇತ್ತು. ಅದೇ ವರ್ಷ ಪೋರ್ಟೊ ರಿಕೊದ ಡಾನ್ ಒಮರ್ ಕೂಡ 'ಟಬೂ' ಅನ್ನೋ ಹಾಡಿನಲ್ಲಿ ಇದೇ ರಾಗ ಬಳಸಿದ್ರು.

'ಘಾಯಲ್'ಗೆ ಸಂಗೀತ ಬಪ್ಪಿ ಲಾಹಿರಿ ಅವರದು ಅಂತ ಇದೆ. ಲಂಬಾಡ ಗಾಳಿ ಜೋರಾಗಿದ್ದ ಕಾಲ, ಹೊರಗಿನ ಟ್ಯೂನ್ ಎತ್ಕೊಳ್ಳೋದು ನಮ್ಮ ಸಿನಿಮಾ ರಂಗದಲ್ಲಿ ದಿನನಿತ್ಯದ ಮಾತಾಗಿತ್ತು, ಆದ್ರೂ ಹಾಡು ಚೆನ್ನಾಗಿದೆ ಅನ್ನೋದು ಬೇರೆ, ಅದರ ಕೆಳಗೆ ಕೊಚಬಾಂಬಾದ ಇಬ್ರು ಇದ್ರು ಅನ್ನೋದು ಬೇರೆ, ಎರಡನ್ನೂ ಹೇಳ್ಬೇಕು.

ಆ ಕುಣಿತ ಈಗಲೂ ಇದೆಯಾ?

ಇದೆ, ಬೇರೆ ರೂಪದಲ್ಲಿ. 1990ರ ದಶಕದಲ್ಲಿ ಹೊಸ ಲಂಬಾಡ ಹಾಡು ಬರೋದು ನಿಂತಾಗ ಬ್ರೆಜಿಲ್‌ನ ಕುಣಿಯೋ ಜನ ಕೆರಿಬಿಯನ್ ಝೂಕ್ ಹಾಡುಗಳಿಗೆ ಅದೇ ಹೆಜ್ಜೆ ಹಾಕೋಕೆ ಶುರು ಮಾಡಿದ್ರು, ಅದು ಬೆಳೆದು ಈಗ ಬ್ರೆಜಿಲಿಯನ್ ಝೂಕ್ ಅಂತ ಪ್ರಪಂಚದ ದೊಡ್ಡ ದೊಡ್ಡ ಊರುಗಳಲ್ಲಿ ಕಲಿಸ್ತಾರೆ.

ಸರಿ, ಯಾವ ಕ್ರಮದಲ್ಲಿ ಕೇಳ್ಬೇಕು?

ಮೊದಲು ಕಾರ್ಕಾಸ್, ಇಯರ್‌ಫೋನ್ ಹಾಕ್ಕೊಂಡು. ಮುಖ್ಯ ದನಿ ಎಲ್ಮರ್ ಎರ್ಮೋಸಾ ಅವರದು, ಅವರೂ ಅದೇ ಮನೆಯವರು. ಆಮೇಲೆ ಕ್ವಾರ್ತೆತೊ ಕಾಂಟಿನೆಂಟಲ್, ಅಕಾರ್ಡಿಯನ್ ಬರೋ ಜಾಗದಲ್ಲಿ ಇದು 1984 ಅಂತ ನೆನಪಿಟ್ಕೊಳ್ಳಿ. ಆಮೇಲೆ ಮಾರ್ಸಿಯಾ ಫೆರೇರಾ, ಕೊನೆಗೆ ಕಾವೋಮಾ. ಮೆಸ್ತ್ರೆ ವಿಯೇರಾ ಗಿಟಾರ್‌ಗೆ ಬೇರೆ ದಿನ ಇಟ್ಕೊಳ್ಳಿ, ಅದನ್ನ ಇದರ ಜೊತೆ ತುರುಕಬೇಡಿ. ಎಲ್ಲಾ ಆನ್‌ಲೈನ್‌ನಲ್ಲಿ ಸಿಗತ್ತೆ, ಕಾರ್ಕಾಸ್ ಹುಡುಕುವಾಗ ಮಾತ್ರ ಬರೀ ಲಂಬಾಡ ಅಂತ ಹಾಕಿದ್ರೆ ಕಾವೋಮಾನೇ ಬರತ್ತೆ, ತಂಡದ ಹೆಸರು ಹಾಕಿ ಹುಡುಕಿ.